ಹಗುರ ಕಾರು ಮತ್ತು ಕೆರೆಕಟ್ಟೆಯ ತಿರುವು

ಶೃಂಗೇರಿಯಿಂದ ಕಾರ್ಕಳದ ಕಡೆಗೆ ಹೊರಟ ರಸ್ತೆಯು ನೆಮ್ಮಾರನ್ನು ದಾಟಿ, ತನಿಕೋಡಿನ ಅರಣ್ಯ ತಪಾಸಣೆಯ ಗೇಟನ್ನು ಕಳೆದು, ತುಂಗೆಯ ಒಡನಾಟದಲ್ಲಿ ಕೆರೆಕಟ್ಟೆಗೆ ಬರುತ್ತದೆ. ಅಲ್ಲಿಂದ ಮುಂದೆ ಹಿಂದಿನ ದಕ್ಷಿಣ ಕನ್ನಡದ ಗಡಿ, ಎಸ್.ಕೆ. ಬಾರ್ಡರ್ ಎಂಬುದೇ ಇಂದಿಗೂ ಅದರ ಹೆಸರು. ಗಡಿಯಾಚೆ ಮಾಳದ ಘಟ್ಟ; ಘಟ್ಟವನ್ನಿಳಿದರೆ ಬಜಗೋಳಿ, ಮಿಯಾರು, ಕಾರ್ಕಳ. ಒಂದು ಕಾಲಕ್ಕೆ ಇದು ಸೊಲ್ಲಾಪುರ ಮಂಗಳೂರುಗಳನ್ನು ಕೂಡಿಸುವ 13ನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯಾಗಿತ್ತು. ಈಗಿನ ಸಂಖ್ಯೆ 169. ಹೆದ್ದಾರಿಯೆಂಬ ಹೆಸರನ್ನು ಕೇಳಿ ವಾಚಕರು ಹಿಗ್ಗಬೇಕಾದುದಿಲ್ಲ. ಇಲ್ಲಿ ನೇರವಾದ ದಾರಿ ಅಪರೂಪ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಕುದುರೆಮುಖದ ಕಾಡು ಎರಡೂ ಬದಿಗಳಿಂದ ರಸ್ತೆಯನ್ನು ಒತ್ತಿ ನಿಂತಿದೆ. ಒಂದು ತಿರುವನ್ನು ಮುಗಿಸುವುದರೊಳಗೆ ಇನ್ನೊಂದು ಎದುರಾಗುತ್ತದೆ. ಇನ್ನು ಮಳೆಯ ಮಾತಂತೂ ಕೇಳುವುದೇ ಬೇಡ. ಮಳೆ ಬರಲೆಂದೂ, ಬಂದ ಮಳೆ ನಿಲ್ಲಲೆಂದೂ ಜನರು ಕಿಗ್ಗದ ಋಷ್ಯಶೃಂಗನಿಗೆ ಮೊರೆಯಿಡುವ ಸೀಮೆಯಿದು.

ಮಳೆಗಾಲ ಕಳೆದು ಬಿಸಿಲು ಬಿದ್ದೊಡನೆ ಇಂಥ ರಸ್ತೆಗಳನ್ನೇ ಹುಡುಕಿಕೊಂಡು ವೇಗದ ಕಾರುಗಳು ಘಟ್ಟಕ್ಕೆ ಬರುವುದುಂಟು. ಮಲೆನಾಡಿನ ತೋಟದ ಮನೆಗಳಿಗೂ ಮೋಟಾರಿನ ಮೋಹ ಹೊಸದಲ್ಲ. ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ ರಾಷ್ಟ್ರಮಟ್ಟದ ರ‍್ಯಾಲಿಗಳು ನಡೆದಿವೆ. ಹೀಗಿರಲು ಕೊಪ್ಪದ ಕಡೆಯ ತರುಣನೊಬ್ಬನು, ಓಟದ ಪಥಕ್ಕೆಂದೇ ನಿರ್ಮಿಸಿದ ಹಗುರವಾದ ಕಾರೊಂದನ್ನು ಕೊಂಡು ಮನೆಯಲ್ಲಿಟ್ಟುಕೊಂಡರೆ ಹೇಗೆ ಎಂದು ಕೇಳಿದನೆನ್ನೋಣ. ಉಳ್ಳವರ ಚಪಲವೆಂದು ಆ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭ. ಆದರೆ ಅದರೊಳಗೆ ಭೌತವಿಜ್ಞಾನದ ಸೊಗಸಾದ ಪಾಠವೊಂದಿದೆ. ಜೊತೆಗೆ ಆ ತರುಣನ ಪ್ರಾಣದ ಮಾತೂ, ದಾರಿಯಲ್ಲಿ ನಡೆಯುವವರ ಪ್ರಾಣದ ಮಾತೂ ಇದೆ. ಆದುದರಿಂದ ಹಗುರವಾಗಿರುವುದರಿಂದ ಕಾರಿಗೆ ದೊರೆಯುವ ಗುಣಗಳೇನು, ಅವುಗಳಲ್ಲಿ ಕೆರೆಕಟ್ಟೆಯ ರಸ್ತೆಯಲ್ಲಿ ಉಳಿಯುವುದೆಷ್ಟು ಎಂಬುದನ್ನು ನಾವು ಲೆಕ್ಕಹಾಕಿಯೇ ನೋಡುವುದು ಮೇಲು.

ಹಗುರ ಕಾರಿನ ಮತಕ್ಕೆ ಆಚಾರ್ಯನಾದವನು ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್. 1928ರಲ್ಲಿ ಹುಟ್ಟಿ 1982ರಲ್ಲಿ ತೀರಿಕೊಂಡ ಈ ಇಂಜಿನಿಯರು ಲೋಟಸ್, ಎಂದರೆ ತಾವರೆ, ಎಂಬ ಹೆಸರಿನ ಕಾರುಗಳನ್ನು ಕಟ್ಟಿದನು. ಯಂತ್ರದ ಶಕ್ತಿಯನ್ನು ಹೆಚ್ಚಿಸಿದರೆ ಕಾರು ನೇರವಾದ ದಾರಿಯಲ್ಲಿ ಮಾತ್ರ ವೇಗವಾಗುತ್ತದೆ, ತೂಕವನ್ನು ಇಳಿಸಿದರೆ ಎಲ್ಲೆಡೆಯಲ್ಲಿಯೂ ವೇಗವಾಗುತ್ತದೆ ಎಂಬುದು ಅವನ ಹೆಸರಿನಲ್ಲಿ ಪ್ರಚಲಿತವಾಗಿರುವ ಅಭಿಪ್ರಾಯ. 1957ರಲ್ಲಿ ಹೊರಬಂದ ಅವನ ‘ಸೆವೆನ್’ ಕಾರಿಗೆ ಬಾಗಿಲುಗಳೆಂದು ಹೇಳಿಕೊಳ್ಳುವಂಥವಿರಲಿಲ್ಲ. ಉಕ್ಕಿನ ಕೊಳವೆಗಳ ಹಂದರ, ಅದಕ್ಕೆ ರಿವೆಟ್ ಹೊಡೆದ ಅಲ್ಯುಮಿನಿಯಂ ತಗಡು, ಇಬ್ಬರಿಗೆ ಆಸನ; ಇಷ್ಟೇ ಕಾರು. ಬಿಡಿಭಾಗಗಳ ರೂಪದಲ್ಲಿ ಕೊಂಡು ಮನೆಯಲ್ಲಿಯೇ ಜೋಡಿಸಿಕೊಂಡರೆ ಅಂದಿನ ಬ್ರಿಟನ್ನಿನಲ್ಲಿ ಖರೀದಿ ತೆರಿಗೆ ತಪ್ಪುತ್ತಿತ್ತಾದುದರಿಂದ ಎಷ್ಟೋ ಜನರು ಅದನ್ನು ತಮ್ಮ ಕೈಯಿಂದಲೇ ಕಟ್ಟಿಕೊಂಡರು. 1973ರಲ್ಲಿ ಅದನ್ನು ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ಹೋಯಿತು. ಆ ಸಂಸ್ಥೆ 2021ರಲ್ಲಿ ತಂದ ‘170’ ಎಂಬ ಮಾದರಿಯ ತೂಕ 440 ಕಿಲೋಗ್ರಾಂ. ಅದರ ಯಂತ್ರ ನಮ್ಮವರಿಗೆ ಪರಿಚಿತವಾದ ಸುಜುಕಿ ಸಂಸ್ಥೆಯದು; ಗಾತ್ರ ಕೇವಲ 660 ಘನ ಸೆಂಟಿಮೀಟರು, ಬಲ 84 ಅಶ್ವಶಕ್ತಿ. ಇತ್ತ ಲೋಟಸ್ ಸಂಸ್ಥೆ 1996ರಲ್ಲಿ ‘ಎಲೀಸ್’ ಕಾರನ್ನು ತಂದಿತು. ಅಲ್ಯುಮಿನಿಯಂ ಪಟ್ಟಿಗಳನ್ನು ಬೆಸೆಯದೆ, ಅಂಟಿನಿಂದ ಕೂಡಿಸಿ ಮಾಡಿದ ಅದರ ಚೌಕಟ್ಟಿನ ತೂಕ 68 ಕಿಲೋಗ್ರಾಂ. ಇಡೀ ಕಾರಿನದು 725ರ ಸುಮಾರು.

ಇವೆಲ್ಲ ದೂರದೇಶದ ಅದ್ಭುತಗಳೆಂದು ಭಾವಿಸುವುದಕ್ಕೆ ಮೊದಲು ವಾಚಕರು ಮಾರುತಿ 800ನ್ನು ನೆನೆಯಬೇಕು. 1983ರಿಂದ 2014ರ ಆರಂಭದವರೆಗೆ ತಯಾರಾದ ಆ ಬಡಪಾಯಿ ಕಾರಿನ ತೂಕ ಸುಮಾರು 650 ಕಿಲೋಗ್ರಾಂ, ಎಂದರೆ ಎಲೀಸಿಗಿಂತ ಕಡಮೆ! ಹಗುರವಾದುದೆಲ್ಲ ಓಟದ ಕಾರಲ್ಲವೆಂಬುದು ಇದರಿಂದಲೇ ಸ್ಪಷ್ಟ. ನಮ್ಮ ದೇಶದಲ್ಲಿ ಈ ಜಾತಿಗೆ ಹತ್ತಿರ ಬರಲು ಹೆಣಗಿದ ಕಾರೊಂದಿತ್ತು; 1998ರಲ್ಲಿ ಹೊರಬಂದ ‘ಸ್ಯಾನ್ ಸ್ಟಾರ್ಮ್’. ಗೋವೆಯಲ್ಲಿ ತಯಾರಾದ ಅದಕ್ಕೆ ಗಾಜುನಾರಿನ ಮೈ, ಎರಡು ಆಸನ, 1149 ಘನ ಸೆಂಟಿಮೀಟರಿನ ರೆನೋ ಯಂತ್ರ, 60 ಅಶ್ವಶಕ್ತಿ. ಬಹಳ ಮಂದಿ ಕೊಳ್ಳಲಿಲ್ಲ. ಲೋಟಸ್ ಸಂಸ್ಥೆಯೇ 2023ರಲ್ಲಿ ಭಾರತದ ಮಾರುಕಟ್ಟೆಗೆ ಕಾಲಿಟ್ಟಾಗ ಮೊದಲು ತಂದ ‘ಎಲೆಟ್ರೆ’ ಎಂಬ ವಿದ್ಯುತ್ ಕಾರಿನ ತೂಕ ಸುಮಾರು 2500 ಕಿಲೋಗ್ರಾಂ. ಚಾಪ್‌ಮನ್ ಬದುಕಿದ್ದಿದ್ದರೆ ಏನೆನ್ನುತ್ತಿದ್ದನೋ!

ಅಶ್ವಶಕ್ತಿಯನ್ನು ತೂಕದಿಂದ ಭಾಗಿಸಿದರೆ ಕಾರಿನ ಚುರುಕಿಗೆ ಒಂದು ಅಳತೆ ದೊರೆಯುತ್ತದೆ. ಒಂದು ಟನ್ನಿಗೆ ಮಾರುತಿ 800ರಲ್ಲಿ ಸುಮಾರು 60 ಅಶ್ವಶಕ್ತಿ. ಮೊದಲ ಎಲೀಸಿನಲ್ಲಿ 160ಕ್ಕೆ ಮಿಗಿಲು. ಮೇಲೆ ಹೇಳಿದ ಕೇಟರ್‌ಹ್ಯಾಮಿನಲ್ಲಿ 190. ವೇಗೋತ್ಕರ್ಷ, ಎಂದರೆ ವೇಗವು ಏರುವ ಗತಿ, ಇದನ್ನು ಅವಲಂಬಿಸಿದೆ. ಇದರಲ್ಲಿ ಸೋಜಿಗವೇನೂ ಇಲ್ಲ. ಹೊರೆ ಕಡಮೆಯಾದ ಎತ್ತು ಬೇಗ ಹೆಜ್ಜೆ ಹಾಕುವುದನ್ನು ಯಾರು ತಾನೆ ಕಂಡಿಲ್ಲ? ಸೋಜಿಗವಿರುವುದು ತಿರುವಿನಲ್ಲಿ.

ಕಾರೊಂದು ತಿರುವಿನಲ್ಲಿ ಸುತ್ತಬೇಕಾದರೆ ಅದನ್ನು ವೃತ್ತದ ಕೇಂದ್ರದ ಕಡೆಗೆ ಎಳೆಯುವ ಬಲವೊಂದು ಬೇಕು. ಆ ಬಲವನ್ನು ಕೊಡುವುದು ಟೈರಿಗೂ ರಸ್ತೆಗೂ ನಡುವಣ ಘರ್ಷಣೆಯೊಂದೇ. ಕಾರು ಭಾರವಾದಷ್ಟೂ ಬೇಕಾದ ಬಲ ಹೆಚ್ಚು. ಆದರೆ ಭಾರವಾದ ಕಾರು ನೆಲವನ್ನು ಹೆಚ್ಚು ಒತ್ತುವುದರಿಂದ ಘರ್ಷಣೆಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಸಮೀಕರಣದ ಎರಡೂ ಬದಿಗಳಲ್ಲಿ ತೂಕ ನಿಲ್ಲುವುದರಿಂದ ಅದು ಹೊಡೆದುಹೋಗಿ, ತಿರುವಿನ ಪರಮ ವೇಗವು ಘರ್ಷಣಾಂಕ, ಗುರುತ್ವ, ತಿರುವಿನ ತ್ರಿಜ್ಯ ಈ ಮೂರನ್ನು ಗುಣಿಸಿ ತೆಗೆದ ವರ್ಗಮೂಲವಷ್ಟೇ ಆಗುತ್ತದೆ. 20 ಮೀಟರ್ ತ್ರಿಜ್ಯದ ತಿರುವೊಂದನ್ನು ಹಿಡಿಯೋಣ. ಘಟ್ಟದ ರಸ್ತೆಗಳಲ್ಲಿ ಇಂಥವಕ್ಕೆ ಬರವಿಲ್ಲ. ಒಣ ಡಾಂಬರಿನ ಮೇಲೆ ಸಾಮಾನ್ಯ ಟೈರಿನ ಘರ್ಷಣಾಂಕ 0.8 ಎಂದುಕೊಂಡರೆ ಪರಮ ವೇಗ ಗಂಟೆಗೆ 45 ಕಿಲೋಮೀಟರು. ಈ ಲೆಕ್ಕದಲ್ಲಿ ಲಾರಿಗೂ ಓಟದ ಕಾರಿಗೂ ಭೇದವಿಲ್ಲ. ಹಾಗಾದರೆ ಚಾಪ್‌ಮನ್ ಹೇಳಿದ್ದು ಸುಳ್ಳೆ?

ಸುಳ್ಳಲ್ಲ. ಘರ್ಷಣೆಯು ಒತ್ತಡಕ್ಕೆ ಸರಿಪ್ರಮಾಣದಲ್ಲಿರುತ್ತದೆಂದು ಶಾಲೆಯಲ್ಲಿ ಕಲಿತ ನಿಯಮವು ಮರ, ಲೋಹಗಳಿಗೆ ಹೊಂದುವಂತೆ ರಬ್ಬರಿಗೆ ಹೊಂದುವುದಿಲ್ಲ. ಹದವಾಗಿ ಕಲಸಿದ ಹಿಟ್ಟಿನ ಉಂಡೆಯೊಂದನ್ನು ಬೀಸುವ ಕಲ್ಲಿನ ಒರಟು ಮುಖದ ಮೇಲೆ ಒತ್ತಿ ನೋಡಿ. ಮೊದಲ ಒತ್ತಿಗೆ ಹಿಟ್ಟು ಕಲ್ಲಿನ ಸಣ್ಣ ಗುಳಿಗಳನ್ನೆಲ್ಲ ತುಂಬಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಎರಡು ಪಟ್ಟು ಒತ್ತಿದರೆ ಹಿಡಿತ ಎರಡು ಪಟ್ಟಾಗುವುದಿಲ್ಲ. ತುಂಬಬೇಕಾದ ಗುಳಿಗಳು ಆಗಲೇ ಬಹುಪಾಲು ತುಂಬಿವೆ. ರಬ್ಬರಿನ ವರ್ತನೆಯೂ ಹೀಗೆಯೇ. ಹೊರೆ ಏರಿದಂತೆ ಟೈರಿನ ಒಟ್ಟು ಹಿಡಿತ ಏರುತ್ತದೆ, ಆದರೆ ಏರುವ ಗತಿ ಕುಂದುತ್ತ ಹೋಗುತ್ತದೆ. ಆದುದರಿಂದ ಒಂದೇ ಬಗೆಯ ಟೈರುಗಳ ಮೇಲೆ ನಿಂತ ಎರಡು ಕಾರುಗಳಲ್ಲಿ ಹಗುರವಾದುದಕ್ಕೆ, ಅದರ ತೂಕಕ್ಕೆ ಹೋಲಿಸಿದರೆ, ಹೆಚ್ಚಿನ ಹಿಡಿತವಿರುತ್ತದೆ. ಹಗುರ ಕಾರಿನ ಗುಟ್ಟೆಲ್ಲ ಇರುವುದು ಇಲ್ಲಿಯೇ.

ಇದಕ್ಕೆ ಪೂರಕವಾದ ಇನ್ನೊಂದು ಸಂಗತಿಯೂ ಉಂಟು. ತಿರುವಿನಲ್ಲಿ ಕಾರಿನ ಮೈ ಹೊರಕ್ಕೆ ವಾಲುತ್ತದೆ. ಒಳಬದಿಯ ಗಾಲಿಗಳ ಮೇಲಿನ ಹೊರೆ ಹೊರಬದಿಯ ಗಾಲಿಗಳಿಗೆ ವರ್ಗವಾಗುತ್ತದೆ. ಹೊರಗಿನ ಗಾಲಿ ಗಳಿಸುವ ಹಿಡಿತ, ಒಳಗಿನ ಗಾಲಿ ಕಳೆದುಕೊಳ್ಳುವ ಹಿಡಿತಕ್ಕಿಂತ ಯಾವಾಗಲೂ ಕಡಮೆ. ಆದುದರಿಂದ ವರ್ಗಾವಣೆ ಎಷ್ಟು ಕಡಮೆಯೋ ಅಷ್ಟು ಲಾಭ. ಓಟದ ಕಾರುಗಳನ್ನು ನೆಲಕ್ಕಂಟಿದಂತೆ ತಗ್ಗಾಗಿ, ಗಾಲಿಗಳನ್ನು ಅಗಲಕ್ಕೆ ಹರಡಿ ಕಟ್ಟುವುದು ಚೆಲುವಿಗಾಗಿಯಲ್ಲ. ಮಾರುತಿ 800 ಹಗುರವಾಗಿದ್ದರೂ ಎತ್ತರವಾಗಿತ್ತು, ಅದರ ಟೈರು ಕಿರಿದಾಗಿತ್ತು. ಭೇದ ಬಂದದ್ದು ಅಲ್ಲಿ. ಇದಕ್ಕೆ ಸೇರಿಸಿ ಓಟದ ಪಥಕ್ಕೆಂದೇ ಮಾಡಿದ ಮೆತುರಬ್ಬರಿನ ಟೈರುಗಳನ್ನು ತೊಡಿಸಿದರೆ ಘರ್ಷಣಾಂಕ 1.2ರವರೆಗೂ ಏರೀತು. ಆಗ ನಮ್ಮ ತಿರುವಿನ ಪರಮ ವೇಗ 45 ಹೋಗಿ 55 ಆಗುತ್ತದೆ. ಹತ್ತು ಕಿಲೋಮೀಟರಿನ ಈ ಅಂತರಕ್ಕಾಗಿಯೇ ಅಷ್ಟೆಲ್ಲ ಜಾಣ್ಮೆ, ಅಷ್ಟೆಲ್ಲ ಹಣ.

ಇಳಿಜಾರಿನಲ್ಲಿಯಂತೂ ಹಗುರತನದ ಲಾಭ ನಿರ್ವಿವಾದ. ಲೆಕ್ಕಕ್ಕಾಗಿ 600 ಮೀಟರ್ ಇಳಿಯುವ ಘಟ್ಟವೊಂದನ್ನು ಹಿಡಿಯೋಣ. ಎತ್ತರದಲ್ಲಿದ್ದಾಗ ಕಾರಿನಲ್ಲಿ ಅಡಗಿದ್ದ ಶಕ್ತಿಯೆಲ್ಲ ಬುಡಕ್ಕೆ ಬರುವಷ್ಟರಲ್ಲಿ ಎಲ್ಲಿಯೋ ಶಾಖವಾಗಿ ತೀರಬೇಕು. ಸ್ವಲ್ಪ ಭಾಗವನ್ನು ಗಾಳಿಯೂ ಯಂತ್ರವೂ ಹೀರುತ್ತವೆ. ಮಿಕ್ಕುದೆಲ್ಲ ಬ್ರೇಕಿನ ಪಾಲು. ಜನರನ್ನು ಹೊತ್ತ 1700 ಕಿಲೋಗ್ರಾಮಿನ ಕಾರಿನಲ್ಲಿ ಈ ಶಕ್ತಿಯು 25 ಡಿಗ್ರಿ ಸೆಂಟಿಗ್ರೇಡಿನ 32 ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಮಲೆನಾಡಿನ ಬಚ್ಚಲುಮನೆಯ ಹಂಡೆಯನ್ನು ಕಾಯಿಸುವ ಸೌದೆಯನ್ನು ನೆನೆದರೆ ಇದೆಷ್ಟೆಂಬುದು ಗೊತ್ತಾದೀತು. ಚಾಲಕನೂ ಸೇರಿ 550 ಕಿಲೋಗ್ರಾಂ ತೂಗುವ ಹಗುರ ಕಾರಿಗೆ 10 ಲೀಟರು ನೀರಿನ ಲೆಕ್ಕವಷ್ಟೆ. ಘಟ್ಟದ ಬುಡದಲ್ಲಿ ಭಾರದ ವಾಹನಗಳ ಗಾಲಿಗಳಿಂದ ಬರುವ ಸುಟ್ಟ ವಾಸನೆ ಇದರಿಂದ ಹೊರಡುವುದು ವಿರಳ.

ಇಷ್ಟನ್ನು ಓದಿದ ನಮ್ಮ ತರುಣನು ಕಾರನ್ನು ಕೊಳ್ಳಲು ಆಗಲೇ ಎದ್ದು ನಿಂತಿರಬಹುದು. ಅವನು ಸ್ವಲ್ಪ ಕುಳಿತುಕೊಳ್ಳಬೇಕು. ಇನ್ನು ಮಳೆ ಬರುವುದಿದೆ.

ಓಟದ ಟೈರಿನ ಮೆತುರಬ್ಬರು ತನ್ನ ಪೂರ್ಣ ಗುಣವನ್ನು ತೋರಿಸುವುದು ಚೆನ್ನಾಗಿ ಬಿಸಿಯಾದ ಮೇಲೆ. ಸುಮಾರು 80 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ. ಪಥದಲ್ಲಿ ಎರಡು ಮೂರು ಸುತ್ತು ಬಿರುಸಾಗಿ ಓಡಿದರೆ ಆ ಶಾಖ ಬರುತ್ತದೆ. ಆಷಾಢದ ಕೆರೆಕಟ್ಟೆಯಲ್ಲಿ ರಸ್ತೆಯೇ 20 ಡಿಗ್ರಿಯಲ್ಲಿ ತೊಯ್ದು ಮಲಗಿರುವಾಗ ಆ ಶಾಖ ಬರುವುದೆಲ್ಲಿಂದ? ಹಗುರ ಕಾರು ಟೈರನ್ನು ಹೆಚ್ಚು ಹಿಂಡದು. ಆದುದರಿಂದ ಬಿಸಿಯಾಗುವುದು ಇನ್ನಷ್ಟು ನಿಧಾನ. ಜೊತೆಗೆ ಇಂಥ ಟೈರುಗಳಲ್ಲಿ ನೀರನ್ನು ಹೊರಹಾಕುವ ತೋಡುಗಳು ಕೆಲವೇ. ಅಡಿಕೆ ತೋಟದ ಕೊನೆಗಾರನನ್ನು ಕೇಳಿ ನೋಡಿ: ಬೇಸಗೆಯಲ್ಲಿ ತಳೆ ತೊಟ್ಟು ಸರಸರನೆ ಏರಿದ ಮರವನ್ನೇ, ಮಳೆಗಾಲದಲ್ಲಿ ಬೋರ್ಡೋ ಔಷಧಿ ಹೊಡೆಯಲು ಏರುವಾಗ ಅವನು ಅಂಗುಲ ಅಂಗುಲವಾಗಿ ಏರುತ್ತಾನೆ. ಅವನು ಹಗುರವಾಗಿಯೇ ಇದ್ದಾನೆ, ತಳೆಯೂ ಅದೇ. ಬದಲಾದದ್ದು ಮರದ ಮೇಲಣ ಹಾವಸೆ. ಒದ್ದೆ ರಸ್ತೆಯ ಘರ್ಷಣಾಂಕ 0.4ಕ್ಕೆ ಇಳಿಯಿತೆಂದರೆ ನಮ್ಮ 20 ಮೀಟರ್ ತಿರುವಿನ ಪರಮ ವೇಗ 32 ಕಿಲೋಮೀಟರು. ಕೊಳೆತ ಎಲೆಯೂ ಹಾವಸೆಯೂ ಸೇರಿ ಅದು 0.2 ಆಯಿತೆಂದರೆ 22 ಕಿಲೋಮೀಟರು ಮಾತ್ರ.

ಈ 32 ಕಿಲೋಮೀಟರು ಎಂಥ ವೇಗವೆಂಬುದನ್ನು ಹೇಳಲು ಘಟ್ಟದ ಕೆಳಗಿನ ಒಂದು ದೃಷ್ಟಾಂತ ಒದಗುತ್ತದೆ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರ್ ಉದ್ದದ ಕೆಸರಿನ ಕರೆಯನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಲೆಕ್ಕ ಹಾಕಿದರೆ ಇದು ಗಂಟೆಗೆ 37 ಕಿಲೋಮೀಟರಿಗೂ ಹೆಚ್ಚು. ಕೋಟಿಗಟ್ಟಲೆ ಬೆಲೆಯ ಕಾರೊಂದು ಒದ್ದೆಯ ತಿರುವಿನಲ್ಲಿ ಕಂಬಳದ ಓಟಗಾರನಿಗಿಂತ ಮೆಲ್ಲನೆ ಹೋಗಬೇಕು. ಹೋಗದಿದ್ದರೆ ತುಂಗೆಗೆ ಇಳಿಯಬೇಕು.

ರಸ್ತೆಯ ಮೇಲೆ ನೀರು ನಿಂತಿದ್ದರೆ ಇನ್ನೊಂದು ಅಪಾಯವಿದೆ. ವೇಗವು ಒಂದು ಮಿತಿಯನ್ನು ಮೀರಿದಾಗ ಟೈರು ನೀರನ್ನು ಪಕ್ಕಕ್ಕೆ ತಳ್ಳಲಾರದೆ ನೀರಿನ ಮೇಲೆಯೇ ಏರಿ ತೇಲತೊಡಗುತ್ತದೆ. ಆಗ ಸ್ಟಿಯರಿಂಗನ್ನು ಎತ್ತ ತಿರುಗಿಸಿದರೂ ಒಂದೇ, ಬ್ರೇಕನ್ನು ತುಳಿದರೂ ಒಂದೇ. ಅಮೆರಿಕದ ನಾಸಾ ಸಂಸ್ಥೆಯಲ್ಲಿ ವಾಲ್ಟರ್ ಹಾರ್ನ್ ಮೊದಲಾದವರು ವಿಮಾನದ ಟೈರುಗಳನ್ನು ಪರೀಕ್ಷಿಸಿ 1963ರಲ್ಲಿ ಇದಕ್ಕೊಂದು ಸರಳ ಸೂತ್ರವನ್ನು ಕೊಟ್ಟರು. ಟೈರಿನ ಗಾಳಿಯ ಒತ್ತಡವನ್ನು ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂದು ಅಳೆದು, ಅದರ ವರ್ಗಮೂಲವನ್ನು 16.6ರಿಂದ ಗುಣಿಸಿದರೆ ತೇಲುವ ವೇಗವು ಗಂಟೆಗೆ ಕಿಲೋಮೀಟರುಗಳಲ್ಲಿ ಬರುತ್ತದೆ. ಸಾಮಾನ್ಯ ಕಾರಿನ ಟೈರಿಗೆ 32 ಪೌಂಡು ಗಾಳಿ. ಅದು ತೇಲುವುದು 94 ಕಿಲೋಮೀಟರಿನಲ್ಲಿ. ಅತಿ ಹಗುರ ಕಾರಿಗೆ ಅಷ್ಟು ಗಾಳಿ ತುಂಬಿದರೆ ಟೈರಿನ ನಡುಭಾಗ ಮಾತ್ರ ನೆಲಕ್ಕೆ ತಾಗುವುದರಿಂದ 18 ಪೌಂಡಿನ ಸುಮಾರಿನಲ್ಲಿಡುತ್ತಾರೆ. ಅದು ತೇಲುವುದು 70 ಕಿಲೋಮೀಟರಿನಲ್ಲಿಯೇ. ತೋಡು ಕಡಮೆಯಿರುವ ಟೈರು ಅದಕ್ಕೂ ಮುಂಚೆಯೇ ಹಿಡಿತವನ್ನು ಸಡಿಲಿಸತೊಡಗುತ್ತದೆ. ತಾವರೆಯೆಲೆಯ ಮೇಲೆ ನೀರು ನಿಲ್ಲದೆಂಬುದು ನಮ್ಮಲ್ಲಿ ಹಳೆಯ ಮಾತು. ಇಲ್ಲಿ ನೀರಿನ ಮೇಲೆ ತಾವರೆಯೇ ನಿಲ್ಲದು.

ಮಂಜಿನ ಲೆಕ್ಕವನ್ನೂ ಇಲ್ಲಿಯೇ ಮುಗಿಸಬಹುದು. ಮುಂದೆ 30 ಮೀಟರ್ ಮಾತ್ರ ಕಾಣುತ್ತಿದ್ದು, ಕಂಡದ್ದನ್ನು ಗ್ರಹಿಸಿ ಬ್ರೇಕು ತುಳಿಯಲು ಒಂದು ಸೆಕೆಂಡು ಬೇಕಾದರೆ, ಒದ್ದೆ ರಸ್ತೆಯಲ್ಲಿ ಕಂಡಷ್ಟರೊಳಗೆ ನಿಲ್ಲಬಲ್ಲ ಹೆಚ್ಚಿನ ವೇಗ 43 ಕಿಲೋಮೀಟರು. 60ರಲ್ಲಿ ಬಂದ ಕಾರಿಗೆ ನಿಲ್ಲಲು 52 ಮೀಟರ್ ಬೇಕು. ಮಿಕ್ಕ 22 ಮೀಟರಿನೊಳಗೆ ಏನಿದೆಯೆಂಬುದು ಚಾಲಕನ ಅದೃಷ್ಟಕ್ಕೆ ಬಿಟ್ಟದ್ದು.

ಅಲ್ಲಿರುವುದು ಕಡವೆಯಿರಬಹುದು, ಸಿಂಗಳೀಕಗಳ ಹಿಂಡಿರಬಹುದು, ಕೊಡೆ ಹಿಡಿದು ಶಾಲೆಗೆ ಹೊರಟ ಮಕ್ಕಳಿರಬಹುದು. ಕಾಟಿಯೂ ಇರಬಹುದು. ಬೆಳೆದ ಕಾಟಿಯ ತೂಕ 800 ಕಿಲೋಗ್ರಾಂ ಎಂದುಕೊಂಡರೆ ಅದು ನಮ್ಮ ಹಗುರ ಕಾರಿಗಿಂತ ಭಾರ. ಡಿಕ್ಕಿಯಲ್ಲಿ ಚಾಲಕನಿಗೆ ಪೆಟ್ಟಾಗುವುದು ವೇಗದಿಂದಲ್ಲ, ವೇಗವು ಥಟ್ಟನೆ ಬದಲಾಗುವುದರಿಂದ. 50 ಕಿಲೋಮೀಟರಿನಲ್ಲಿ ಕಾಟಿಗೆ ಬಡಿದು ಎರಡೂ ಒಟ್ಟಾಗಿ ಮುಂದೆ ಸರಿದರೆ, 1700 ಕಿಲೋಗ್ರಾಮಿನ ಕಾರಿನ ವೇಗ ಕುಸಿಯುವುದು 16 ಕಿಲೋಮೀಟರಿನಷ್ಟು. 550 ಕಿಲೋಗ್ರಾಮಿನದು ಸುಮಾರು 30 ಕಿಲೋಮೀಟರಿನಷ್ಟು. ಎದುರಿನಿಂದ ಬಸ್ಸು ಬಂದರೆ ಪೆಟ್ಟೆಲ್ಲವೂ ಹಗುರ ಕಾರಿನದೇ ಎನ್ನಬಹುದು. ಸೆವೆನ್ ವಂಶದ ಕಾರಿನಲ್ಲಿ ತಲೆಯ ಮೇಲೆ ಗಟ್ಟಿಯಾದ ಮಾಡಿಲ್ಲ, ಎದೆಗೆ ಅಡ್ಡವಾಗಿ ಉಬ್ಬುವ ಗಾಳಿಚೀಲವೂ ಇಲ್ಲ. ಓಟದ ಪಥದಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ, ಅಡ್ಡ ಯಾವುದೂ ನುಗ್ಗುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಅದರ ತೂಕವನ್ನು ಇಳಿಸಲಾಗಿದೆ. ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳು 1991ರಿಂದ 2020ರವರೆಗೆ ಈ ಸೀಮೆಯ ಅಂಕುಡೊಂಕು ರಸ್ತೆಗಳಲ್ಲಿ ಓಡಿದವು. ಪ್ರತಿ ತಿರುವಿನಲ್ಲಿಯೂ ಹಾರ್ನು ಬಾರಿಸಿ, ಮೆಲ್ಲನೆ ಹೊರಳುವ ಬಸ್ಸಿನ ನಡೆಗೆ ಇಲ್ಲಿನವರು ನಕ್ಕದ್ದುಂಟು. ನಮ್ಮ ಲೆಕ್ಕಗಳನ್ನು ನೋಡಿದರೆ ಆ ಚಾಲಕರೇ ಒಳ್ಳೆಯ ಭೌತವಿಜ್ಞಾನಿಗಳೆನ್ನಬೇಕು.

ರಸ್ತೆಯ ಹೊಂಡಗಳೂ ಹಗುರ ಕಾರಿಗೆ ಮಿತ್ರರಲ್ಲ. ಗಾಲಿ, ಟೈರು, ಬ್ರೇಕುಗಳು ಸ್ಪ್ರಿಂಗಿನ ಕೆಳಗಿವೆ. ಉಳಿದ ಮೈ ಸ್ಪ್ರಿಂಗಿನ ಮೇಲಿದೆ. ಮೈ ಭಾರವಾಗಿ ಗಾಲಿ ಹಗುರವಾಗಿದ್ದರೆ ಹೊಂಡಕ್ಕೆ ಬಿದ್ದ ಗಾಲಿ ಮಾತ್ರ ಕುಣಿಯುತ್ತದೆ, ಮೈ ಅಲುಗದು. ಮೈಯ ತೂಕವನ್ನು ಅರ್ಧಕ್ಕಿಳಿಸಿದಾಗ ಗಾಲಿಯ ತೂಕವೂ ಅರ್ಧಕ್ಕಿಳಿಯುವುದು ಸುಲಭವಲ್ಲ; ಆದುದರಿಂದ ಗಾಲಿಯು ಮೈಯನ್ನೇ ಕುಣಿಸುತ್ತದೆ. ಇನ್ನು ಊರ ಬಾಗಿಲಿನ ರಸ್ತೆ ಉಬ್ಬುಗಳು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ ಉಬ್ಬಿನ ಎತ್ತರ 10 ಸೆಂಟಿಮೀಟರು, ಅಗಲ 3.7 ಮೀಟರು. ನಮ್ಮಲ್ಲಿ ನಿಯಮವನ್ನು ಓದಿ ಕಟ್ಟಿದ ಉಬ್ಬುಗಳೆಷ್ಟು ಎಂಬುದನ್ನು ವಾಚಕರ ಅನುಭವಕ್ಕೆ ಬಿಡುತ್ತೇವೆ. ಕಾರಿನ ಹೊಟ್ಟೆ ನೆಲದಿಂದ ಅಷ್ಟೇ ಎತ್ತರದಲ್ಲಿದ್ದರೆ ಉಬ್ಬನ್ನು ಓರೆಯಾಗಿ, ಉಸಿರು ಹಿಡಿದು ದಾಟಬೇಕು.

ಇಷ್ಟಾದರೂ ಕೊಳ್ಳುವೆನೆಂಬ ಹಟವಿರುವವನಿಗೆ ಕಾನೂನಿನ ಮಾತನ್ನು ಚುಟುಕಾಗಿ ಹೇಳಬೇಕು. ಇಂಗ್ಲೆಂಡಿನವರಂತೆ ಬಿಡಿಭಾಗ ತಂದು ಕೊಟ್ಟಿಗೆಯಲ್ಲಿ ಜೋಡಿಸಿ ರಸ್ತೆಗಿಳಿಸುವುದು ಇಲ್ಲಿ ನಡೆಯದು. ತಯಾರಕನು ಅನುಮೋದನೆ ಪಡೆದ ವಿವರಗಳಿಂದ ವಾಹನವನ್ನು ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ಹೇಳುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಇದನ್ನು ಮತ್ತೆ ಒತ್ತಿ ಹೇಳಿತು. ಹೊರದೇಶದಿಂದ ತಂದರೆ ಭಾರಿ ಆಮದು ಸುಂಕ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗೆ ಮೇಲ್ಪಟ್ಟ ಪೆಟ್ರೋಲ್ ಕಾರಿಗೆ ನೂರಕ್ಕೆ 18ರಂತೆ ಆಜೀವ ತೆರಿಗೆ, ಅದರ ಮೇಲೆ ಉಪಕರ. ವಿಮೆಯ ಕರಾರನ್ನು ಕನ್ನಡಕ ಹಾಕಿಕೊಂಡು ಓದಬೇಕು: ಸಾಮಾನ್ಯ ಖಾಸಗಿ ಕಾರಿನ ವಿಮೆಯು ಸಂಘಟಿತ ಓಟದ ಸ್ಪರ್ಧೆಗೂ ವೇಗದ ಪರೀಕ್ಷೆಗೂ ಅನ್ವಯಿಸುವುದಿಲ್ಲ. ಕಾರು ಯಾವ ಕೆಲಸಕ್ಕಾಗಿ ಹುಟ್ಟಿದೆಯೋ ಆ ಕೆಲಸದಲ್ಲಿಯೇ ಅದಕ್ಕೆ ವಿಮೆಯಿಲ್ಲ!

ಮಲೆನಾಡಿನ ಶೀತವು ಬೇರೊಂದು ತೆರಿಗೆಯನ್ನು ವಸೂಲು ಮಾಡುತ್ತದೆ. ಉಕ್ಕಿನ ಕೊಳವೆಗೆ ಅಲ್ಯುಮಿನಿಯಂ ತಗಡನ್ನು ಹೊಡೆದ ಕಡೆ ಎರಡು ಲೋಹಗಳ ನಡುವೆ ನೀರಿನ ಪಸೆ ನಿಂತರೆ ಅದೊಂದು ಪುಟ್ಟ ವಿದ್ಯುತ್ಕೋಶವಾಗುತ್ತದೆ. ಆ ಕೋಶದಲ್ಲಿ ಸವೆಯುವುದು ಅಲ್ಯುಮಿನಿಯಂ. ಬಣ್ಣದ ಕೆಳಗೆ ಬಿಳಿಯ ಹುಡಿ ಎದ್ದು ತಗಡು ಗುಳ್ಳೆಗಟ್ಟುತ್ತದೆ. ಆಸನದ ಚರ್ಮಕ್ಕೆ ಬೂಷ್ಟು. ಅಂಟಿನಿಂದ ಕೂಡಿಸಿದ ಚೌಕಟ್ಟು ಡಿಕ್ಕಿಯಲ್ಲಿ ಸೊಟ್ಟಗಾದರೆ ಅದನ್ನು ಕಾಯಿಸಿ ಬಡಿದು ಬೆಸೆದು ನೆಟ್ಟಗೆ ಮಾಡುವಂತಿಲ್ಲ. ಯಾವ ಜಖಂ ಆದ ಜೀಪನ್ನಾದರೂ ಸಂಜೆಯೊಳಗೆ ಎಬ್ಬಿಸಿ ನಿಲ್ಲಿಸುವ ನಮ್ಮ ಮೆಕ್ಯಾನಿಕ್ಕುಗಳ ಕೈಚಳಕ ಇಲ್ಲಿ ಸೋಲುತ್ತದೆ.

ಹಾಗಾದರೆ ಇಂಥ ಕಾರನ್ನು ಇಟ್ಟುಕೊಳ್ಳುವುದು ಹುಚ್ಚೆ? ಹಾಗೆನ್ನಲು ನಮಗೆ ಮನಸ್ಸಿಲ್ಲ. ಮಾಳದ ಘಟ್ಟವನ್ನಿಳಿದು ಕಾರ್ಕಳದ ಹಾದಿಯಲ್ಲಿ ಸಿಗುವ ಮಿಯಾರಿನಲ್ಲಿ ಲವ ಕುಶ ಜೋಡುಕರೆ ಕಂಬಳ ನಡೆಯುತ್ತದೆ. ಅಲ್ಲಿಗೆ ಬರುವ ಓಟದ ಕೋಣಗಳಿಗೆ ವರ್ಷವಿಡೀ ಹುರುಳಿ, ಎಣ್ಣೆಯ ಮಾಲೀಸು, ಈಜು. ಅವನ್ನು ನೇಗಿಲಿಗೆ ಕಟ್ಟುವುದಿಲ್ಲ, ಗಾಡಿಗೂ ಹೂಡುವುದಿಲ್ಲ. ಹಾಗೆಂದು ಯಜಮಾನನನ್ನು ಯಾರೂ ಮರುಳನೆನ್ನುವುದಿಲ್ಲ. ಆದರೆ ಆ ಯಜಮಾನನು ಕೋಣಗಳನ್ನು ಕಾರ್ಕಳದ ಪೇಟೆಯ ಬೀದಿಯಲ್ಲಿ ಓಡಿಸುವುದಿಲ್ಲವೆಂಬುದನ್ನೂ ಗಮನಿಸಬೇಕು. ಅವು ಲಾರಿ ಹತ್ತಿ ಕರೆಯ ಬಳಿಗೆ ಹೋಗುತ್ತವೆ, ಅಲ್ಲಿ ಓಡುತ್ತವೆ, ಲಾರಿ ಹತ್ತಿ ಮರಳುತ್ತವೆ.

ಕಾರಿನ ಕರೆಗಳು ನಮಗೆ ತೆಂಕಣದಲ್ಲಿವೆ. ಮದರಾಸಿನ ಬಳಿಯ ಷೋಲಾವರದಲ್ಲಿ ಯುದ್ಧಕಾಲದ ಹಳೆಯ ವಿಮಾನ ಪಥವೇ ದಶಕಗಳ ಕಾಲ ಓಟದ ಪಥವಾಗಿತ್ತು. 1990ರಲ್ಲಿ ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ 3.7 ಕಿಲೋಮೀಟರಿನ ಹೊಸ ಪಥ ಸಿದ್ಧವಾಯಿತು. ಕೊಯಮತ್ತೂರಿನಲ್ಲಿ 2.1 ಕಿಲೋಮೀಟರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಅದರ ಹೆಸರಿನಲ್ಲಿರುವ ‘ಕರಿ’ ಎಂದರೆ ಎಸ್. ಕರಿವರ್ಧನ್, 1995ರಲ್ಲಿ ವಿಮಾನಾಪಘಾತದಲ್ಲಿ ಮಡಿದ ಕೊಯಮತ್ತೂರಿನ ಉದ್ಯಮಿ. ಮಾರುತಿ 800ರ ಆ ಪುಟ್ಟ ಯಂತ್ರವನ್ನೇ ಬರಿಯ ಕೊಳವೆಗಳ ಚೌಕಟ್ಟಿಗೆ ಜೋಡಿಸಿ ‘ಫಾರ್ಮುಲಾ ಮಾರುತಿ’ ಎಂಬ ಒಂಟಿ ಆಸನದ ಓಟದ ಕಾರನ್ನು ಕಟ್ಟಿದವನು ಇವನೇ. ಬಲವನ್ನು ಕೊಳ್ಳಲು ಹಣವಿಲ್ಲದ ದೇಶದಲ್ಲಿ ತೂಕವನ್ನು ಕಳೆಯುವುದೇ ಜಾಣತನವೆಂಬುದನ್ನು ಅವನು ಕಂಡುಕೊಂಡಿದ್ದನು. ಈಗ ಅದೇ ಪಥದಲ್ಲಿ ‘ಫಾರ್ಮುಲಾ ಭಾರತ್’ ಎಂಬ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಸ್ಪರ್ಧೆ ನಡೆದಿದೆ. ಬೆಂಗಳೂರಿನ ಆರ್.ವಿ. ಕಾಲೇಜಿನ ‘ಅಶ್ವ ರೇಸಿಂಗ್’ ತಂಡದವರು 2003ರಿಂದ ಇಂಥ ಕಾರುಗಳನ್ನು ತಾವೇ ಕಟ್ಟುತ್ತಿದ್ದಾರೆ. ಈ ಜಾತಿಯ ಕಾರುಗಳ ತೂಕ ಸಾಮಾನ್ಯವಾಗಿ 200ರಿಂದ 250 ಕಿಲೋಗ್ರಾಂ. ಕೊಪ್ಪದ ನಮ್ಮ ತರುಣನು ಕೋಟಿ ರೂಪಾಯಿ ಕೂಡಿಡುವುದಕ್ಕೆ ಬದಲು ಮಗನನ್ನೋ ತಮ್ಮನನ್ನೋ ಅಂಥ ತಂಡಕ್ಕೆ ಸೇರಿಸಬಹುದೆಂದು ನಮ್ಮ ಅನಿಸಿಕೆ.

ಅಲ್ಲ, ಕಾರೇ ಬೇಕೆಂದರೆ ಇಟ್ಟುಕೊಳ್ಳಲಿ. ಕಂಬಳದ ಕೋಣಗಳಂತೆ ಅದನ್ನೂ ಲಾರಿಯಲ್ಲಿ ಒಯ್ಯಲಿ. ಪಥವನ್ನು ತಲುಪಿದ ಮೇಲೆ ಟೈರಿನ ಗಾಳಿಯನ್ನು ತಣ್ಣಗಿರುವಾಗ ಅಳೆದು ಬರೆದಿಟ್ಟು, ನಾಲ್ಕು ಸುತ್ತು ಓಡಿ ಬಂದೊಡನೆ ಟೈರಿನ ಒಳ ಅಂಚು, ನಡು, ಹೊರ ಅಂಚು ಈ ಮೂರು ಕಡೆ ಶಾಖವನ್ನು ಅಳೆಯಬೇಕು. ನಡುವೆ ಹೆಚ್ಚು ಬಿಸಿಯಿದ್ದರೆ ಗಾಳಿ ಹೆಚ್ಚಾಗಿದೆ; ಎರಡು ಅಂಚುಗಳೇ ಬಿಸಿಯಿದ್ದರೆ ಕಡಮೆಯಾಗಿದೆ. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ಆದಕಾರಣ ಮಲೆನಾಡಿನ ಒಂದು ಮಳೆಗಾಲವನ್ನು ಕಳೆದ ದ್ರವವನ್ನು ಪಥಕ್ಕೆ ಹೊರಡುವ ಮುನ್ನ ಬದಲಿಸಲೇಬೇಕು. ಜೂನಿನಲ್ಲಿ ಮಳೆ ಹಿಡಿಯುವುದಕ್ಕೆ ಮೊದಲು ಕಾರನ್ನು ತೊಳೆದು ಒಣಗಿಸಿ, ಬ್ಯಾಟರಿಯ ತಂತಿಯನ್ನು ಕಳಚಿ, ಗಾಲಿಗಳು ನೆಲಕ್ಕೆ ತಾಗದಂತೆ ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿ, ಗಾಳಿಯಾಡುವ ಬಟ್ಟೆ ಹೊದಿಸಿಡಬೇಕು. ಪ್ಲಾಸ್ಟಿಕ್ ಹಾಳೆ ಕೂಡದು. ಅದರಡಿಯಲ್ಲಿ ಪಸೆ ನಿಂತು ದೀಪಾವಳಿಯ ಹೊತ್ತಿಗೆ ರಿವೆಟ್ಟುಗಳ ಸುತ್ತ ಬಿಳಿಯ ಹುಡಿ ಕಾಣಿಸಿಕೊಳ್ಳುತ್ತದೆ.